ಅಡುಗೆಮನೆ ಕಿಟಕಿಯಿಂದ: ಮುಚ್ಚಿಟ್ಟ ದಿನಚರಿ



ಕಳೆದ ಸಂಚಿಕೆಯಲ್ಲಿ ಗೊಜ್ಜವಲಕ್ಕಿ ಬಗ್ಗೆ ಬರೆದದ್ದಕ್ಕೆ ನಿಮ್ಮಲ್ಲಿ ಮೂವರು ಮಾತ್ರ ಉತ್ತರ ಬರೆದಿದ್ದೀರಿ. ಅದರಲ್ಲೂ ಒಬ್ಬ, “ಆಂಟಿ, ಕಂಪ್ಯೂಟರ್ ಬಗ್ಗೆ ಏನಾದರೂ ಬರೀರಿ” ಎಂದಿದ್ದಾನೆ. ಇಂಗ್ಲಿಷ್ ಬಿ.ಎ. ಮಾಡಿ ಮೂವತ್ತು ವರ್ಷ ಒಲೆ ಮುಂದೆ ಕಳೆದವಳಿಗೆ ಇದೆಂಥ ಪರೀಕ್ಷೆ! ಆದರೂ ಬರೆಯುತ್ತೇನೆ. ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗ ಇದೆ.

2023ರ ಬೇಸಿಗೆ. ಜೂನ್ ಬಂದರೂ ಗನ್ನವರಂ ಸೆಕೆ ಇಳಿದಿರಲಿಲ್ಲ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದರೆ ಮಗನ ಕೋಣೆಯಲ್ಲಿ ದೀಪ. ನಮ್ಮ ಯಜಮಾನರಿಗೆ ಹೇಳಿದರೆ, “ಓದ್ತಿದಾನೆ ಬಿಡೆ” ಅಂದರು. ಓದುವ ಹುಡುಗನ ಮುಖ ಹಾಗಿರುವುದಿಲ್ಲ ಎಂದು ತಾಯಿಗೆ ಗೊತ್ತಾಗುವುದಿಲ್ಲವೇ?

ಅವನು ಲೆಮ್ಮಿ ಎಂಬ ತಂತ್ರಾಂಶ ಹಾಕಿಕೊಂಡು ಒಂದು ಪುಟ್ಟ ಸರ್ವರ್ ನಡೆಸುತ್ತಿದ್ದ. ವಿಜಯವಾಡ, ವಿಶಾಖಪಟ್ಟಣದ ಕನ್ನಡ ಮನೆಗಳ ಹದಿನೈದು ಇಪ್ಪತ್ತು ಮಕ್ಕಳು ಅಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರು. ಶಾಲೆಯಲ್ಲಿ ಕನ್ನಡ ಕಲಿಯದ, ಬೀದಿಯಲ್ಲಿ ತೆಲುಗು ಆಡುವ ನಿಮ್ಮಂಥವರೇ. ಒತ್ತಕ್ಷರ ತಪ್ಪಿದರೂ ಅಲ್ಲಿ ನಗುವವರಿರಲಿಲ್ಲ.

ಈ ಏರ್ಪಾಡು ನಮ್ಮ ಕನ್ನಡ ಸಂಘಗಳ ಹಾಗೆ. ಒಂದೊಂದು ಊರಿನ ಸಂಘಕ್ಕೂ ಅದರದೇ ಲೆಕ್ಕಪುಸ್ತಕ, ಅದರದೇ ಕಾರ್ಯದರ್ಶಿ. ಯಾರೂ ಯಾರಿಗೂ ಯಜಮಾನರಲ್ಲ, ಆದರೆ ಅಲ್ಲಿಯ ಸುದ್ದಿ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಹೋಗುತ್ತಿರುತ್ತದೆ. ಸರ್ವರ್‌ಗಳು ಹೀಗೆ ಮಾತಾಡಿಕೊಳ್ಳುವ ಆಕ್ಟಿವಿಟಿಪಬ್ ಎಂಬ ಸಾಮಾನ್ಯ ಭಾಷೆಗೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2018ರಲ್ಲಿ ಮನ್ನಣೆ ಕೊಟ್ಟಿತು. ಲೆಮ್ಮಿಯ ಮೂಲ ಬರಹವೂ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಆ ಜೂನ್‌ನಲ್ಲಿ ಅಮೆರಿಕದ ರೆಡ್ಡಿಟ್ ಕಂಪನಿ ಹೊರಗಿನ ಆ್ಯಪ್ ಮಾಡುವವರಿಗೆ ಶುಲ್ಕ ಹಾಕಲು ಹೊರಟಿತು. ಸಿಟ್ಟಾದ ಜನ ಗುಂಪುಗುಂಪಾಗಿ ಲೆಮ್ಮಿಗೆ ಬಂದರು. ಮದುವೆಗೆ ಇನ್ನೂರು ಎಲೆ ಹಾಕಿದ ಕಡೆ ಎರಡು ಸಾವಿರ ಜನ ಬಂದರೆ ಹೇಗೆ! ನಮ್ಮ ಮಗನ ಪುಟಕ್ಕೆ ಹೊಸಬರೇನೂ ಬರಲಿಲ್ಲ. ಆದರೆ ದೊಡ್ಡ ಸರ್ವರ್‌ಗಳ ಸುದ್ದಿ ಇಲ್ಲಿಗೂ ಹರಿಯಬೇಕಲ್ಲ, ಅದೇ ಹೊರೆಯಾಯಿತು. ಪುಟ ತೆರೆಯಲು ಒಂದು ನಿಮಿಷ, ಕೆಲವೊಮ್ಮೆ ತೆರೆಯುವುದೇ ಇಲ್ಲ. ಮಕ್ಕಳು ಒಬ್ಬೊಬ್ಬರೇ ಬರುವುದು ಬಿಟ್ಟರು. ಇವನು ರಾತ್ರಿಯೆಲ್ಲ ಎದ್ದು ಸರ್ವರ್ ಆರಿಸಿ ಹೊತ್ತಿಸುತ್ತಿದ್ದ.

“ಏನಾಗ್ತಿದೆ ಅಂತ ಅದು ಎಲ್ಲೂ ಬರೆದಿಡಲ್ವೇನೋ?” ಎಂದೆ.

“ಬರೆಯುತ್ತೆ ಅಮ್ಮಾ. ಲಾಗ್ ಅಂತಾರೆ. ಯಾರ‍್ಯಾರದೋ ಸರ್ವರ್ ಲಾಗ್ ಕಳಿಸಿ ಅಂತ ತಿದ್ದುವವರು ಕೇಳ್ತಿದಾರೆ. ನಾನು ಕಳಿಸಲ್ಲ. ನಾನು ಏನೇನು ತಪ್ಪು ಮಾಡಿದೀನಿ ಅಂತ ಲೋಕಕ್ಕೆಲ್ಲ ಗೊತ್ತಾಗುತ್ತೆ.”

ಬೈಯಬೇಕೆಂದು ಬಾಯಿ ತೆರೆದವಳು ಮುಚ್ಚಿದೆ. ಕಾರಣ ಹೇಳಿಬಿಡುತ್ತೇನೆ. ನನಗೆ ಸಕ್ಕರೆ ಕಾಯಿಲೆ. ದಿನಾ ನೋಡಿ ಪುಸ್ತಕದಲ್ಲಿ ಬರೆಯಲು ಡಾಕ್ಟರು ಹೇಳಿದ್ದರು. ಹಬ್ಬದ ಮಾರನೆಯ ದಿನದ ಸಂಖ್ಯೆ ಬರೆಯದೆ ಏಕಾದಶಿಯ ಸಂಖ್ಯೆ ಮಾತ್ರ ಬರೆದು, ಒಳ್ಳೆಯ ವಿದ್ಯಾರ್ಥಿನಿಯಂತೆ ತೋರಿಸಿ ಬರುತ್ತಿದ್ದೆ! ಮಾತ್ರೆ ಯಾಕೆ ನಾಟುತ್ತಿಲ್ಲವೆಂದು ಪಾಪ ಅವರು ತಲೆ ಕೆಡಿಸಿಕೊಂಡಿದ್ದರು.

ಇದನ್ನು ಮಗನಿಗೆ ಹೇಳಿದಾಗ ನಕ್ಕ. ಆಮೇಲೆ ಮೆಲ್ಲಗೆ ಇನ್ನೊಂದು ಕಾರಣ ಹೇಳಿದ. ಅವರ ಗುಂಪಿನ ಒಬ್ಬ ಹುಡುಗಿ ಮನೆಯಲ್ಲಿ ಹೇಳಲಾರದ ವಿಷಯವೊಂದನ್ನು ಬೇರೆ ಹೆಸರಿನಲ್ಲಿ ಅಲ್ಲಿ ಬರೆದಿದ್ದಳಂತೆ. ಯಾವ ವಿಳಾಸದಿಂದ, ಎಷ್ಟು ಹೊತ್ತಿಗೆ, ಯಾವ ಪುಟ ತೆರೆದರು ಎಂಬುದೆಲ್ಲ ಲಾಗ್‌ನಲ್ಲಿರುತ್ತದೆ. ಅದು ಹೊರಗೆ ಬಿದ್ದರೆ? ನಾನು ಸುಮ್ಮನಾದೆ. ಎದುರು ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರೆಂದು ಕಿಟಕಿಯಿಂದಲೇ ಲೆಕ್ಕ ಇಡುವ ಹೆಂಗಸರ ನಡುವೆ ಬಾಳಿದವಳು ನಾನು, ನನಗೆ ಗೊತ್ತಿಲ್ಲದ್ದೇ?

ಕೊನೆಗೆ ಇಬ್ಬರೂ ಕೂತೆವು. ಪೂರ್ತಿ ಲಾಗ್ ಬೇಡ, ಸರ್ವರ್ ಉಸಿರು ಕಟ್ಟಿದ ಇಪ್ಪತ್ತು ನಿಮಿಷದ್ದು ಸಾಕು ಎಂದ. ಅದರ ಗಡಿಯಾರ ಗ್ರೀನಿಚ್ ಲೆಕ್ಕದ್ದು. ನಮ್ಮ ರಾತ್ರಿ ಎರಡು ಗಂಟೆ ಅಲ್ಲಿ ಹಿಂದಿನ ಸಂಜೆ ಎಂಟೂವರೆ. ವಿಳಾಸಗಳನ್ನು ಅಳಿಸಿಬಿಡು ಎಂದು ನಾನೆಂದರೆ, ಅಳಿಸಿದರೆ ಒಬ್ಬನೇ ನೂರು ಸಲ ಬಂದನೋ, ನೂರು ಜನ ಬಂದರೋ ತಿಳಿಯುವುದಿಲ್ಲವಂತೆ. ಆದ್ದರಿಂದ ಒಂದೊಂದು ವಿಳಾಸಕ್ಕೂ ಅತಿಥಿ 1, ಅತಿಥಿ 2 ಎಂದು ಹೆಸರು ಕೊಡುವ ಸಣ್ಣ ಪ್ರೋಗ್ರಾಂ ಬರೆದ. ಕಳಿಸುವ ಮೊದಲು ನಾನು ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಓದಿದೆ. ಒಂದು ದೋಷದ ಸಾಲಿನ ನಡುವೆ ಯಾರದೋ ಇಮೇಲ್ ಹಾಗೇ ಉಳಿದಿತ್ತು! ಬಿ.ಎ. ಡಿಗ್ರಿ ಆವತ್ತು ಉಪಯೋಗಕ್ಕೆ ಬಂತು ನೋಡಿ.

ಹೀಗೆ ಯಾಕೆ ಬೇಡುತ್ತಾರೆಂದು ಆಮೇಲೆ ತಿಳಿಯಿತು. ತಿದ್ದುವವರ ಸ್ವಂತ ಯಂತ್ರದಲ್ಲಿ ನಾಲ್ಕು ಜನ, ನಲವತ್ತು ಬರಹ. ಅಲ್ಲಿ ಎಲ್ಲ ಚೆನ್ನಾಗಿಯೇ ಓಡುತ್ತದೆ. ಕಾಯಿಲೆ ಇರುವುದು ತುಂಬಿದ ಮನೆಯಲ್ಲಿ. ಆ ಜುಲೈನಲ್ಲಿ ಸಿಕ್ಕಿದ ಒಂದು ತಪ್ಪು ಹೀಗಿತ್ತು. ಮದುವೆಯಲ್ಲಿ ಮುಯ್ಯಿ ಪುಸ್ತಕ ಬರೆಯುವವನು ನೂರಾ ಒಂದು ರೂಪಾಯಿ ಕೊಟ್ಟವರ ಸಾಲಿನಲ್ಲಿ ಮಾತ್ರ ಬರೆಯಬೇಕು ತಾನೇ? ಇಲ್ಲಿ ಯಾರಾದರೂ ಒಂದು ಟಿಪ್ಪಣಿ ಬರೆದರೆ, ಗೊತ್ತಿರುವ ಅಷ್ಟೂ ಸರ್ವರ್‌ಗಳ ಸಾಲಿನಲ್ಲಿ ಲೆಕ್ಕ ತಿದ್ದುತ್ತಿತ್ತು! ‘ಇವರ ಸಾಲು ಮಾತ್ರ’ ಎನ್ನುವ ಷರತ್ತು ಬಿಟ್ಟುಹೋಗಿತ್ತು, ಅಷ್ಟೆ. ಹತ್ತು ಸರ್ವರ್ ಇದ್ದಾಗ ಯಾರಿಗೂ ಕಾಣಲಿಲ್ಲ. ಸಾವಿರ ದಾಟಿದಾಗ ಒಂದು ಟಿಪ್ಪಣಿಗೆ ಸಾವಿರ ಸಾಲಿನ ಕೆಲಸ. ಅದೂ ಪೋಸ್ಟ್‌ಗ್ರೆಸ್ ಎಂಬ ದತ್ತಾಂಶದ ಉಗ್ರಾಣದ ಒಳಗೇ ನಡೆಯುತ್ತಿದ್ದ ಕೆಲಸ. ಅದರ ಲೆಕ್ಕದಲ್ಲಿ ಹೊರಗಿನ ಆಜ್ಞೆ ಮಾತ್ರ ಸಿಗುತ್ತದೆ. ಒಳಗಿನದನ್ನೂ ಬರೆದಿಡು ಎಂದು ಬೇರೆ ಹೇಳಬೇಕು. ತಿಂಗಳ ಕೊನೆಗೆ 0.18.3 ಎಂಬ ಆವೃತ್ತಿ ಬಂತು, ಉಗ್ರಾಣದ ಹೊರೆ ಬಹಳ ಇಳಿಯಿತು.

ನಮ್ಮ ಮಗನ ಲಾಗ್‌ನಿಂದಲೇ ಅದು ಸಿಕ್ಕಿತೆಂದು ಜಂಬ ಕೊಚ್ಚಿಕೊಳ್ಳುವಂತಿಲ್ಲ. ಅವನ ಲಾಗ್ ನೋಡಿದವರೊಬ್ಬರು ಬೇರೆಯದೇ ಕೇಳಿದರು: ಪೋಸ್ಟ್‌ಗ್ರೆಸ್‌ಗೆ ಕೊಟ್ಟ ಸ್ಮರಣೆಯ ಜಾಗ ಮೊದಲಿನಂತೆ 128 ಎಂ.ಬಿ. ಇರುವಂತಿದೆಯಲ್ಲ, ಬದಲಿಸಲಿಲ್ಲವೇ? ಬದಲಿಸಿರಲಿಲ್ಲ. ಅದು ಇವನದೇ ತಪ್ಪು. ಕಿವಿ ಕೆಂಪಾಯಿತು, ಆದರೆ ಅಲ್ಲಿ ಯಾರೂ ನಗಲಿಲ್ಲ. ಆಗಸ್ಟ್ ಹೊತ್ತಿಗೆ ರಾತ್ರಿ ದೀಪ ಆರಿತು. ಹೋದ ಮಕ್ಕಳಲ್ಲಿ ಎಲ್ಲರೂ ಬರಲಿಲ್ಲ. ಏಳು ಜನ ಬಂದರು. ಆ ಹುಡುಗಿ ಬಂದಳೋ ಇಲ್ಲವೋ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನನ್ನ ಪುಸ್ತಕದ ವಿಷಯ? ಯುಗಾದಿ ಮಾರನೆಯ ದಿನದ ಸಂಖ್ಯೆಯನ್ನೂ ಈಗ ಬರೆಯುತ್ತಿದ್ದೇನೆ. ಡಾಕ್ಟರು ನೋಡಿ ಮಾತ್ರೆ ಬದಲಿಸಿದರು, ಹೋಳಿಗೆಯ ಮಾತೆತ್ತಿದ್ದಕ್ಕೆ ಬೈದರು ಕೂಡ.

ಕಂಪ್ಯೂಟರ್ ಬಗ್ಗೆ ಕೇಳಿದ ಹುಡುಗ, ಸಾಕೇನಪ್ಪಾ? ಮುಂದಿನ ಸಂಚಿಕೆಗೆ ಗೊಜ್ಜವಲಕ್ಕಿ ಮಾಡಿ ನೋಡಿ ಬರೆಯಬೇಕು ನೀನು.

ನಿಮ್ಮ ಆಂಟಿ