ಎಂಜಿನಿಯರಿಂಗ್: ಶುಲ್ಕ ಮೊದಲು, ವಿದ್ಯಾರ್ಥಿವೇತನ ಆಮೇಲೆ

ಬೆಂಗಳೂರು: ಸಿಇಟಿಯಲ್ಲಿ ಉತ್ತಮ ರ‍್ಯಾಂಕ್ ಗಳಿಸಿ ಕಂಪ್ಯೂಟರ್ ಸೈನ್ಸ್ ಸೀಟು ಪಡೆದ ಬಡ ಕುಟುಂಬದ ವಿದ್ಯಾರ್ಥಿಗೆ ಎದುರಾಗುವ ಮೊದಲ ಪ್ರಶ್ನೆ ಶುಲ್ಕದ್ದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚಿದ ಸೀಟನ್ನು ಒಪ್ಪಿಕೊಂಡವರು ನಿಗದಿತ ದಿನದೊಳಗೆ ಹಣ ಪಾವತಿಸಿದರಷ್ಟೇ ಪ್ರವೇಶ ಖಚಿತವಾಗುತ್ತದೆ. ನೆರವಿನ ಯೋಜನೆಗಳಿಗೇನೂ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಈ ಗಡುವು ಮುಗಿದ ಮೇಲೆಯೇ ವಿದ್ಯಾರ್ಥಿಯ ಕೈಗೆ ಎಟಕುತ್ತವೆ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) 'ಪ್ರಗತಿ' ಯೋಜನೆಯನ್ನೇ ನೋಡಬಹುದು. ವಾರ್ಷಿಕ ಆದಾಯ 8 ಲಕ್ಷ ರೂ. ಮೀರದ ಕುಟುಂಬದ ವಿದ್ಯಾರ್ಥಿನಿಯರಿಗೆ ವರ್ಷಕ್ಕೆ 50,000 ರೂ. ದೊರೆಯುತ್ತದೆ, ನಾಲ್ಕು ವರ್ಷಗಳಿಗೆ 2 ಲಕ್ಷ ರೂ. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ ಅವಕಾಶವಿದೆ. ಆದರೆ ಕಾಲೇಜು ಸೇರಿದ ಬಳಿಕವೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬೇಕು. ಕಾಲೇಜು ಅದನ್ನು ಪರಿಶೀಲಿಸಬೇಕು, ನಂತರ ಅರ್ಹತಾ ಪಟ್ಟಿ ಸಿದ್ಧವಾಗಬೇಕು. ಆ ವೇಳೆಗೆ ಮೊದಲ ವರ್ಷದ ಶುಲ್ಕವನ್ನು ಸಾಲ ಮಾಡಿಯೋ, ಒಡವೆ ಅಡವಿಟ್ಟೋ ಕಟ್ಟಿ ಆಗಿರುತ್ತದೆ. ಕಟ್ಟಲಾಗದವರು ಸೀಟನ್ನೇ ಕೈಬಿಟ್ಟಿರುತ್ತಾರೆ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಸಾಲದ ಹಾದಿ ತೋರಿಸುತ್ತದೆ. 8 ಲಕ್ಷ ರೂ. ಒಳಗಿನ ಆದಾಯದವರಿಗೆ 10 ಲಕ್ಷ ರೂ. ವರೆಗಿನ ಸಾಲದ ಮೇಲೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಆದರೆ ಇದು ರಾಷ್ಟ್ರೀಯ ಶ್ರೇಯಾಂಕದ ಆಧಾರದಲ್ಲಿ ಆಯ್ದ ಸಂಸ್ಥೆಗಳಿಗೆ ಸೀಮಿತ. ಆರಂಭದಲ್ಲಿ ಗುರುತಿಸಿದ್ದು ದೇಶದಾದ್ಯಂತ 860 ಸಂಸ್ಥೆಗಳನ್ನು ಮಾತ್ರ. ಜಿಲ್ಲಾ ಕೇಂದ್ರಗಳ ಸಾಮಾನ್ಯ ಖಾಸಗಿ ಕಾಲೇಜುಗಳು ಈ ಪಟ್ಟಿಯ ಹೊರಗುಳಿಯುತ್ತವೆ.

ಪ್ರವೇಶದ ಹಂತದಲ್ಲೇ ಕೆಲಸಕ್ಕೆ ಬರುವುದು ಎಸ್‌ಎನ್‌ಕ್ಯೂ ಎಂದೇ ಪರಿಚಿತವಾದ ಸೂಪರ್ ನ್ಯೂಮರರಿ ಕೋಟಾ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟನ್ನು ಹೆಚ್ಚುವರಿಯಾಗಿ ಸೃಷ್ಟಿಸಿ, 8 ಲಕ್ಷ ರೂ. ಆದಾಯ ಮಿತಿಯೊಳಗಿನವರಿಗೆ ಬೋಧನಾ ಶುಲ್ಕ ಮನ್ನಾ ಮಾಡಲಾಗುತ್ತದೆ. ಹಣ ಕಟ್ಟಿ ಮರಳಿ ಪಡೆಯುವ ಗೋಜಿಲ್ಲ. ಆದರೆ 60 ಸೀಟುಗಳ ವಿಭಾಗವೊಂದರಲ್ಲಿ ಇಂಥ ಸೀಟು ಕೇವಲ ಮೂರು. ಇತರ ಶುಲ್ಕ ಹಾಗೂ ಹಾಸ್ಟೆಲ್ ವೆಚ್ಚಕ್ಕೆ ಮನ್ನಾ ಅನ್ವಯಿಸದು. ಸೇರಿದ ಮೇಲೆ ಕಾಲೇಜು ಬದಲಿಸುವಂತೆಯೂ ಇಲ್ಲ.

ಹೀಗಾಗಿ ತೊಡಕು ನೆರವಿನ ಮೊತ್ತದಲ್ಲಿ ಎಷ್ಟಿದೆಯೋ ಅದು ದೊರೆಯುವ ಸಮಯದಲ್ಲೂ ಅಷ್ಟೇ ಇದೆ. ಸಿಇಟಿ ಅರ್ಜಿಯಲ್ಲಿ ಮೀಸಲಾತಿ ಅಥವಾ ಎಸ್‌ಎನ್‌ಕ್ಯೂ ಕೋರುವವರು ಕಂದಾಯ ಇಲಾಖೆಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ನಮೂದಿಸುತ್ತಾರೆ. ಅಂದರೆ ಸೀಟು ಹಂಚಿಕೆಗೆ ಮುನ್ನವೇ ಈ ಕುಟುಂಬಗಳ ಆದಾಯದ ವಿವರ ಸರ್ಕಾರದ ಬಳಿ ಇರುತ್ತದೆ. ಅದೇ ಮಾಹಿತಿಯ ಆಧಾರದಲ್ಲಿ ಕೌನ್ಸೆಲಿಂಗ್ ವೇಳೆಯೇ ವಿದ್ಯಾರ್ಥಿವೇತನದ ತಾತ್ಕಾಲಿಕ ಮಂಜೂರಾತಿ ನೀಡಿ, ಅಷ್ಟು ಮೊತ್ತದ ಶುಲ್ಕ ಪಾವತಿಯನ್ನು ಮುಂದೂಡಲು ಸಾಧ್ಯವಿದೆ. ಇದಕ್ಕೆ ಕೇಂದ್ರ ಮತ್ತು ರಾಜ್ಯದ ಎರಡು ಪೋರ್ಟಲ್‌ಗಳ ನಡುವೆ ಹೊಂದಾಣಿಕೆ ಬೇಕು.

ಅಲ್ಲಿಯವರೆಗೆ ಪೋಷಕರು ಆದಾಯ ಪ್ರಮಾಣಪತ್ರವನ್ನು ಸಿಇಟಿ ಅರ್ಜಿಗೆ ಮೊದಲೇ ಪಡೆದು, ಮಕ್ಕಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿಟ್ಟುಕೊಳ್ಳುವುದು ಒಳಿತು. ರ‍್ಯಾಂಕ್ ಬಂದ ಮೇಲೆ ದಾಖಲೆಗಾಗಿ ನಾಡಕಚೇರಿಗೆ ಅಲೆಯುವಷ್ಟು ಕಾಲಾವಕಾಶ ಯಾರಿಗೂ ಸಿಗುವುದಿಲ್ಲ.