ಆರೋಗ್ಯ ವಿಚಾರ: ಜಾರಿದ ಮಸೂರ

ಕಣ್ಣಿನ ಪೊರೆಯನ್ನು ತೆಗೆಯಿಸಿ ಕೃತಕ ಮಸೂರವನ್ನು ಇಡಿಸಿಕೊಂಡವರು ಇಂದು ಪ್ರತಿಯೊಂದು ಬೀದಿಯಲ್ಲಿಯೂ ಇರುವರು. ಕಣ್ಣಿನೊಳಗೆ ಅಂತಹದೊಂದು ವಸ್ತುವಿದೆಯೆಂಬುದನ್ನೇ ಅವರು ಮರೆತು ಬಾಳುವರು. ಆದರೆ ಅಪೂರ್ವವಾಗಿ ಆ ಮಸೂರವು ನೆಲೆ ತಪ್ಪಿ ಜಾರುವುದುಂಟು. ಆಗ ಮನೆಯ ಹಿರಿಯರು ವಯಸ್ಸಿನ ಮಬ್ಬೆಂದು ಸುಮ್ಮನಾಗುವರು. ಮಕ್ಕಳೂ ಹಾಗೆಯೇ ನಂಬುವರು. ಉಳಿಸಬಹುದಾದ ಕಣ್ಣುಗಳು ಈ ನಂಬಿಕೆಯಿಂದ ಕೆಡುವುವಾದ ಕಾರಣ, ಈ ಸಲ ಅದನ್ನೇ ವಾಚಕರ ಮುಂದಿಟ್ಟಿದ್ದೇವೆ.

ಪಾಪೆಯ ಹಿಂದೆ ಒಂದು ತೆಳುವಾದ ಚೀಲವಿದೆ. ಹುಟ್ಟಿನಿಂದ ಬಂದ ಮಸೂರವು ಅದರೊಳಗಿರುವುದು. ತೊಟ್ಟಿಲನ್ನು ಹಗ್ಗಗಳು ಹಿಡಿದಂತೆ, ಆ ಚೀಲವನ್ನು ಸುತ್ತಲೂ ಅತಿ ಸೂಕ್ಷ್ಮವಾದ ನಾರುಗಳು ಹಿಡಿದಿರುವುವು. ವೈದ್ಯರು ಪೊರೆಗಟ್ಟಿದ ಮಸೂರವನ್ನು ಮಾತ್ರ ತೆಗೆದು, ಉಳಿದ ಚೀಲದಲ್ಲಿ ಸುಮಾರು 6 ಮಿಲಿಮೀಟರ್ ಅಗಲದ ಬಿಲ್ಲೆಯನ್ನಿಡುವರು. ಬಿಲ್ಲೆಯ ಎರಡು ಪಕ್ಕಗಳಲ್ಲಿ ಕೊಂಡಿಯಂತಹ ತೋಳುಗಳು ಸಾಮಾನ್ಯವಾಗಿ ಇರುವುವು. ಪೆಟ್ಟಿನಿಂದಲೋ, ಅತಿಯಾದ ಸಮೀಪದೃಷ್ಟಿಯಿಂದಲೋ, ಕಣ್ಣೊಳಗೆ ತಲೆಹೊಟ್ಟಿನಂತಹ ಪದಾರ್ಥವು ಕೂಡುವ ಒಂದು ಮುಪ್ಪಿನ ವ್ಯಾಧಿಯಿಂದಲೋ ನಾರುಗಳು ಸಡಿಲಗೊಂಡರೆ, ಚೀಲವು ಬಿಲ್ಲೆಸಹಿತ ಜಾರುವುದು. ಚಿಕಿತ್ಸೆಯಾಗಿ ಹತ್ತು ವರ್ಷ ಕಳೆದ ಮೇಲೂ ಹೀಗಾಗಬಹುದು.

ಈ ತೊಡಕು ಕೃತಕ ಮಸೂರದಷ್ಟೇ ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಗವಾಕ್ಷವೊಡೆದು ಅದರ ಚೂರುಗಳು ವೈಮಾನಿಕರ ಕಣ್ಣುಗಳಲ್ಲಿ ನೆಟ್ಟರೂ, ಕಣ್ಣು ಅವನ್ನು ಸಹಿಸಿಕೊಂಡುದನ್ನು ಹೆರಾಲ್ಡ್ ರಿಡ್ಲಿ ಎಂಬ ಆಂಗ್ಲ ವೈದ್ಯರು ಕಂಡರು. ಅದೇ ಜಾತಿಯ ಪದಾರ್ಥದಿಂದ ಮಸೂರವನ್ನು ಮಾಡಿಸಿ, 1949ನೆಯ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬ ಸ್ತ್ರೀಯ ಕಣ್ಣಿನೊಳಗಿಟ್ಟರು. ಆ ಮೊದಲ ಮಸೂರಗಳು ಭಾರವಾದುವು. ಕೆಲವು ಹಿಂದಕ್ಕೆ ಜಾರಿಬಿದ್ದುವು. ಸಹೋದ್ಯೋಗಿಗಳು ಅವರನ್ನು ಕಟುವಾಗಿ ಖಂಡಿಸಿದರು. ಆ ಖಂಡನೆಯಲ್ಲಿ ಅಸೂಯೆಯೊಂದೇ ಇದ್ದಿತೆನ್ನುವುದು ನ್ಯಾಯವಲ್ಲ; ಜಾರಿದುದನ್ನು ಮೇಲೆತ್ತುವ ವಿದ್ಯೆಯು ಆಗಿನ್ನೂ ಹುಟ್ಟಿರಲಿಲ್ಲ.

ಈಗ ಆ ವಿದ್ಯೆಯುಂಟು. ಮಸೂರವು ಅರ್ಧ ಜಾರಿದಾಗ, ಇನ್ನೊಂದು ಕಣ್ಣನ್ನು ಮುಚ್ಚಿದರೂ ದೀಪವೊಂದು ಎರಡಾಗಿ ತೋರಬಹುದು; ಬಿಲ್ಲೆಯ ಅಂಚು ಕಮಾನಿನಂತೆ ಕಾಣಬಹುದು. ಪೂರ್ಣ ಜಾರಿದರೆ ದೃಷ್ಟಿಯು ಒಮ್ಮೆಗೇ ಮಂಕಾಗುವುದು. ಬಿದ್ದ ಮಸೂರಕ್ಕಾಗಿ ಅದೇ ರಾತ್ರಿ ಶಸ್ತ್ರಕ್ರಿಯೆ ಬೇಕಾಗುವುದು ವಿರಳ. ಆದರೆ ಮಿಂಚು ಹೊಳೆದಂತಾಗಿ, ಕರಿಯ ಚುಕ್ಕೆಗಳು ಸುರಿದು, ಪಕ್ಕದಿಂದ ತೆರೆಯಿಳಿದಂತಾದರೆ ಅಕ್ಷಿಪಟವು ಕಳಚುತ್ತಿರಬಹುದು. ಆಗ ಮಾತ್ರ ಮರುದಿನಕ್ಕೆಂದು ಕಾಯಲಾಗದು.

ಕಣ್ಣಿನ ಹಿಂಭಾಗವು ಮೊಟ್ಟೆಯ ಬಿಳಿಯಂತಹ ಲೋಳೆಯಿಂದ ತುಂಬಿರುವುದು. ಅದರ ಎಳೆಗಳು ಅಕ್ಷಿಪಟಕ್ಕೆ ಅಂಟಿಕೊಂಡಿರುವುವು. ಬಿದ್ದ ಮಸೂರವನ್ನು ಹಾಗೆಯೇ ಸೆಳೆದರೆ ಅಕ್ಷಿಪಟವೂ ಹರಿದೀತು. ಆದುದರಿಂದ ವೈದ್ಯರು ಕಣ್ಣಿನ ಬಿಳಿಗೋಡೆಯಲ್ಲಿ ಒಂದು ಮಿಲಿಮೀಟರಿಗೂ ಕಿರಿದಾದ ಮೂರು ರಂಧ್ರಗಳನ್ನು ಮಾಡುವರು: ಒಂದರಿಂದ ದ್ರವ, ಒಂದರಿಂದ ಬೆಳಕು, ಇನ್ನೊಂದರಿಂದ ಲೋಳೆಯನ್ನು ಕತ್ತರಿಸುತ್ತ ಹೀರುವ ಸಲಕರಣೆ. ಮಸೂರವು ಬಿಡುಗಡೆಯಾದ ಬಳಿಕ ಚಿಮಟದಿಂದ ಮುಂದಕ್ಕೆತ್ತುವರು. ಆದರೆ ಚೀಲವಿಲ್ಲದೆ ಅದನ್ನು ಎಲ್ಲಿ ನಿಲ್ಲಿಸುವುದು? ಹಿಂದೆ ಗೋಡೆಗೆ ಹೊಲಿಯುತ್ತಿದ್ದ ಅತಿ ಸಣ್ಣ ದಾರಗಳು ಕೆಲವರಲ್ಲಿ ವರ್ಷಗಳ ಮೇಲೆ ತುಂಡಾದುವು. ದಪ್ಪ ದಾರದ ಹೊಲಿಗೆಯು ಈಗಲೂ ಇದೆ. 2007ರಲ್ಲಿ ಚೆನ್ನೈಯ ಡಾಕ್ಟರ್ ಅಮರ್ ಅಗರ್ವಾಲರು, ತೋಳುಗಳನ್ನು ಗೋಡೆಯೊಳಗೆ ಸೇರಿಸಿ ರಕ್ತದ ಅಂಶದಿಂದಾದ ಅಂಟಿನಿಂದ ಮುಚ್ಚುವ ಕ್ರಮವನ್ನು ಆಚರಣೆಗೆ ತಂದರು. ಜಪಾನಿನ ಯಮಾನೆಯವರು 2017ರಲ್ಲಿ ಪ್ರಕಟಿಸಿದ ಉಪಾಯವು ಇನ್ನೂ ಸರಳ: ತೋಳುಗಳ ತುದಿಯನ್ನು ಗೋಡೆಯಿಂದಾಚೆಗೆ ಎಳೆದು, ಶಾಖದಿಂದ ಕರಗಿಸಿ ಮೊಳೆಯ ತಲೆಯಂತೆ ಗುಂಡು ಮಾಡಿ, ಒಳಕ್ಕೆ ಹುದುಗಿಸುವುದು. ಹೊಲಿಗೆಯೂ ಇಲ್ಲ, ಅಂಟೂ ಇಲ್ಲ. ಮಸೂರವೇ ಕೆಟ್ಟಿದ್ದರೆ ಅದನ್ನು ಕತ್ತರಿಸಿ ತೆಗೆದು ಬೇರೊಂದನ್ನು ಇಡುವರು. ಇವುಗಳಲ್ಲಿ ಯಾವುದು ಮೇಲೆಂಬ ವಾದವು ಮುಗಿದಿಲ್ಲ. ರೋಗಿಯು ಕ್ರಮದ ಹೆಸರಿಗಿಂತ ವೈದ್ಯರ ಕೈಪಳಗುವಿಕೆಯನ್ನು ವಿಚಾರಿಸುವುದು ಲೇಸು.

ಮಬ್ಬೆಲ್ಲವೂ ಜಾರಿಕೆಯಲ್ಲ. ಬಹಳ ಮಂದಿಯಲ್ಲಿ ಉಳಿದ ಚೀಲದ ಹಿಂಗೋಡೆಯೇ ಮಸುಕಾಗುವುದು. ಜನರು ಇದನ್ನು ಪೊರೆ ಮರುಕಳಿಸಿತೆನ್ನುವರು, ಮಾತು ಸರಿಯಲ್ಲ. ಲೇಸರ್ ಕಿರಣದಿಂದ ಅದರಲ್ಲಿ ಕಿಂಡಿ ಮಾಡಲು ಕೆಲವೇ ನಿಮಿಷಗಳು ಸಾಕು. ಆದರೆ ಕಿಂಡಿಯಾದ ಮೇಲೆ ಮಸೂರವನ್ನು ಬದಲಾಯಿಸುವುದು ಹೆಚ್ಚು ಕಷ್ಟ ಮತ್ತು ಅಪಾಯಕರ. ಆದುದರಿಂದ ಮಸೂರವನ್ನಿಟ್ಟ ದಿನದಿಂದಲೇ ಪ್ರಭೆಯೋ ನೆರಳೋ ಬಾಧಿಸುತ್ತಿದ್ದರೆ, ಅದು ಹಿಂಗೋಡೆಯ ದೋಷವಲ್ಲದೆ ಮಸೂರದ್ದೇ ಇರಬಹುದು. ಆ ಸಂಗತಿಯನ್ನು ಲೇಸರಿಗೆ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಕೃತಕ ಮಸೂರವನ್ನಿಟ್ಟಾಗ ಅದರ ಜಾತಿ, ಶಕ್ತಿಗಳನ್ನು ಬರೆದ ಒಂದು ಚೀಟಿಯನ್ನು ಕೊಡುವರು. ಅನೇಕ ಮನೆಗಳಲ್ಲಿ ಅದು ಔಷಧದ ಖಾಲಿ ಪೆಟ್ಟಿಗೆಯೊಡನೆ ಕಸಕ್ಕೆ ಸೇರುವುದು. ಹತ್ತು ವರ್ಷಗಳ ಮೇಲೆ ಮಸೂರವು ಜಾರಿದಾಗ, ಅದನ್ನೇ ಮತ್ತೆ ನಿಲ್ಲಿಸಲಾದೀತೇ, ಬದಲಿಸುವುದಾದರೆ ಎಷ್ಟು ಶಕ್ತಿಯದು ಬೇಕು ಎಂಬುದನ್ನು ಗೊತ್ತುಮಾಡಲು ಶಸ್ತ್ರವೈದ್ಯರು ಮೊದಲು ಕೇಳುವುದು ಆ ಚೀಟಿಯನ್ನೇ.