ಅಜ್ಜನ ಚಿತ್ರಕ್ಕೆ ಬೆನ್ನೂ ಇರುತ್ತದೆ ಮಾರಾಯ್ರೆ!

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಬರೆಯಲು ಪುರುಸೊತ್ತಿರಲಿಲ್ಲ ಅಂತಲ್ಲ, ಮನೆಯಲ್ಲಿ ಒಂದು ಸಣ್ಣ ಯುದ್ಧ ನಡೆದಿದೆ. ಅಜ್ಜನ ಚಿತ್ರಗಳ ಮೇಲೆ.

ನಮ್ಮ ಅಜ್ಜ ಡ್ರಾಯಿಂಗ್ ಮಾಸ್ತರ. ಧಾರವಾಡ ಇನ್ನೂ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯಟ್ ಡ್ರಾಯಿಂಗ್ ಪರೀಕ್ಷೆ ಮುಗಿಸಿ, ಹೈಸ್ಕೂಲಿನ ಹುಡುಗರಿಗೆ ಹೂಜಿ, ಪುಸ್ತಕ, ಬಾಳೆಹಣ್ಣು ಬರೆಸುತ್ತ ಜೀವ ಸವೆಸಿದವರು. 1979ರಲ್ಲಿ ತೀರಿಕೊಂಡರು. ಅವರ ಚಿತ್ರಗಳು ಈಗ ಧಾರವಾಡ, ಪುಣೆ, ಬೆಂಗಳೂರು, ಮತ್ತೆ ಇಲ್ಲಿ ಡೊಂಬಿವಲಿಯ ನನ್ನ ಎರಡು ಕೋಣೆಯ ಮನೆಯಲ್ಲಿ ಚದುರಿಹೋಗಿವೆ. ನಾಲ್ಕು ಮನೆ, ಹನ್ನೊಂದು ಮೊಮ್ಮಕ್ಕಳು. ಎಲ್ಲವನ್ನೂ ಒಂದು ಕಡೆ ದಾಖಲಿಸೋಣ ಅಂತ ಎರಡು ವರ್ಷದ ಹಿಂದೆ ಶುರು ಮಾಡಿದೆವು. ಅಲ್ಲಿಯವರೆಗೂ ಚೆನ್ನಾಗೇ ಇತ್ತು.

ಹೋದ ತಿಂಗಳು ಪುಣೆಯ ತಮ್ಮ (ಚಿಕ್ಕಪ್ಪನ ಮಗ, ಸಾಫ್ಟ್‌ವೇರ್‌ನಲ್ಲಿ ದೊಡ್ಡ ಹುದ್ದೆ) ವಾಟ್ಸಾಪ್ ಗುಂಪಿನಲ್ಲಿ ತೀರ್ಪು ಕೊಟ್ಟ. "ನಲವತ್ತು ಛಲೋ ಚಿತ್ರ ಆರಿಸೇನಿ. ದಪ್ಪ ಕಾಗದದಾಗ ಪುಸ್ತಕ ಮಾಡ್ಸೋಣು. ಆ ಸತ್ತವರ ಫೋಟೋ ನೋಡಿ ಬರದದ್ದು, ನಾಟಕದ ಪರದೆ, ಬೋರ್ಡು, ಅವೆಲ್ಲ ಬ್ಯಾಡ. ಅವು ಹೊಟ್ಟೆಪಾಡಿಗೆ ಬರದದ್ದು." ಕೆಳಗೆ ಆರು ಹೆಬ್ಬೆರಳು. ಬೆಂಗಳೂರಿನ ಅಕ್ಕ ಎರಡು ಹೂವನ್ನೂ ಇಟ್ಟಳು.

ಹೊಟ್ಟೆಪಾಡಂತೆ! ಆ ಹೊಟ್ಟೆಪಾಡಿನಿಂದಲೇ ನಮ್ಮಪ್ಪ ಕಾಲೇಜು ಕಲಿತದ್ದು, ನಮ್ಮಪ್ಪ ಕಲಿತದ್ದರಿಂದ ನಾನು ಮುಂಬೈ ರೈಲು ಹತ್ತಿದ್ದು, ಚಿಕ್ಕಪ್ಪ ಕಲಿತದ್ದರಿಂದ ಇವನ ಕೈಗೆ ಆ ಫೋನು ಬಂದದ್ದು.

ನನ್ನ ತಕರಾರು ಇಷ್ಟೇ. ನಲವತ್ತು ಚಿತ್ರದ ಪುಸ್ತಕದಲ್ಲಿ ಇರುವವರು ನಮ್ಮ ಅಜ್ಜ ಅಲ್ಲ. ನಮಗೆ ಬೇಕಾದ ಅಜ್ಜ. ಜಲವರ್ಣದ ನಿಸರ್ಗಚಿತ್ರ, ಸಾಧನಕೇರಿಯ ಮಳೆ, ಸಂತೆಗೆ ಹೊರಟ ಹೆಂಗಸರು. ಡ್ರಾಯಿಂಗ್ ರೂಮಿನಲ್ಲಿ ನೇತುಹಾಕಿದರೆ ನೆಂಟರು "ವ್ಹಾ" ಅನ್ನುವಂಥವು. ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ಅವರು ಅದನ್ನು ಬರೆದದ್ದು ಭಾನುವಾರ. ಉಳಿದ ಆರು ದಿನ ಎಲ್ಲಿ ಹೋದವು?

ರವಿವರ್ಮನ ವಿಷಯ ನೋಡಿ. 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ಲಕ್ಷ್ಮೀ ಸರಸ್ವತಿಯರನ್ನು ಅಚ್ಚು ಹಾಕಿಸಿ ಮಾರಿದ ಮನುಷ್ಯ. ಮೈಸೂರಿಗೂ ಬರೋಡಾಕ್ಕೂ ದುಡ್ಡು ತಗೊಂಡೇ ಬರೆದುಕೊಟ್ಟವನು. ಇವತ್ತು ಅವನ ಬಗ್ಗೆ ಬರೆಯುವ ಯಾರಾದರೂ ಆ ಪ್ರೆಸ್ಸನ್ನು ಬಿಟ್ಟು ಬರೆಯುತ್ತಾರೆಯೇ? ಹುಸೇನರು ಇದೇ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. ಅದನ್ನು ಅವರು ಮುಚ್ಚಿಡಲಿಲ್ಲ, ಹೇಳಿಕೊಂಡು ತಿರುಗಿದರು. ಮುಜುಗರ ಆಗುವುದು ಕಲಾವಿದನಿಗಲ್ಲ ಸ್ವಾಮಿ, ಫ್ಲ್ಯಾಟ್ ಕೊಂಡ ಮೊಮ್ಮಕ್ಕಳಿಗೆ.

ಕುಟುಂಬದವರ ಪ್ರೀತಿ ಏನೇನು ಮಾಡುತ್ತದೆ ಅನ್ನುವುದಕ್ಕೆ ಅಮೃತಾ ಶೇರ್‌ಗಿಲ್ ಕಥೆ ಸಾಕು. ಆಕೆ ಊರಲ್ಲಿಲ್ಲದಾಗ, ಆಕೆ ಜೋಪಾನವಾಗಿಟ್ಟಿದ್ದ ಪತ್ರಗಳನ್ನು ಹೆತ್ತವರೇ ಸುಟ್ಟರು. ಮನೆತನದ ಮರ್ಯಾದೆ! ಮುಂದೆ ಆಕೆಯ ತಂಗಿಯ ಮಗ ವಿವಾನ್ ಸುಂದರಂ ಉಳಿದಿದ್ದ ಪತ್ರ, ಬರಹಗಳನ್ನೆಲ್ಲ ಕೂಡಿಸಿ 2010ರಲ್ಲಿ ಎರಡು ದಪ್ಪ ಸಂಪುಟ ತಂದರು. ತಮಗೆ ಆದ ನೋವನ್ನು ಅಮೃತಾ ಹೆತ್ತವರಿಗೆ ಬರೆದ ಪತ್ರವೂ ಉಳಿದುಬಂದಿದೆ. ಮನೆಯವರು ಸುಟ್ಟದ್ದು, ಮನೆಯವರೇ ಕೂಡಿಸಿದ್ದು, ಎರಡೂ ಒಂದೇ ಮನೆಯಲ್ಲಿ. ನಾವು ಯಾವ ಕಡೆಯವರು ಅಂತ ಗುಂಪಿನಲ್ಲಿ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ನೀಲಿ ಗೀಟು ಮಾತ್ರ ಬಂತು.

ಇನ್ನು ಪರದೆಯ ವಿಷಯ. ನಮ್ಮ ಕಡೆ ಕಂಪನಿ ನಾಟಕದ ದೊಡ್ಡ ಕಾಲ ಅದು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಹೆಸರು ಕೇಳಿರುತ್ತೀರಿ. ದೊಡ್ಡ ಕಂಪನಿಗಳಿಗೆ ದೊಡ್ಡ ಪೇಂಟರುಗಳಿದ್ದರು. ನಮ್ಮಜ್ಜ ಊರೂರಿನ ಸಣ್ಣ ಹವ್ಯಾಸಿ ತಂಡಗಳಿಗೆ ಬರೆಯುತ್ತಿದ್ದರು. ದರ್ಬಾರು, ಬೀದಿ, ಕಾಡು, ಸೆರೆಮನೆ. ಈ ನಾಲ್ಕಿದ್ದರೆ ಯಾವ ನಾಟಕವನ್ನಾದರೂ ಆಡಬಹುದಿತ್ತಂತೆ. ಶಾಲೆಯ ಪಡಸಾಲೆಯಲ್ಲಿ ಬಟ್ಟೆ ಹಾಸಿ, ಪುಡಿಬಣ್ಣವನ್ನು ಬಿಸಿ ಅಂಟಿನಲ್ಲಿ ಕಲಸಿ, ಬರಿಗಾಲಲ್ಲಿ ಬಟ್ಟೆಯ ಮೇಲೆಯೇ ಓಡಾಡುತ್ತ ಬರೆಯಬೇಕು. ಅಂಟಿನ ಬಣ್ಣ ಹಸಿಯಿದ್ದಾಗ ಗಾಢ, ಒಣಗಿದ ಮೇಲೆ ತಿಳಿ. ಹಾಗಾಗಿ ಕಣ್ಣೆದುರು ಕಾಣುವುದನ್ನಲ್ಲ, ನಾಳೆ ಬೆಳಿಗ್ಗೆ ಕಾಣಬೇಕಾದದ್ದನ್ನು ಬರೆಯಬೇಕು. ಇದು ಕಲೆ ಅಲ್ಲವಾದರೆ ಯಾವುದು ಕಲೆ? ಆ ಪರದೆಗಳಲ್ಲಿ ಒಂದೇ ಒಂದು ಉಳಿದಿದೆ, ಕಾಡಿನದು. ಧಾರವಾಡದ ಮನೆಯಲ್ಲಿ ಜೋಳದ ಚೀಲಗಳ ಮೇಲೆ ಹೊದಿಸಿದ್ದರು. ಇಲಿ ತಿಂದು ಉಳಿದದ್ದನ್ನು ಅಂಗಳದಲ್ಲಿ ಹಾಸಿ, ಏಣಿ ಹತ್ತಿ, ಒಂಬತ್ತು ಭಾಗವಾಗಿ ಫೋಟೋ ತೆಗೆದೆ. ನಲವತ್ತರಲ್ಲಿ ಅದಿಲ್ಲ.

ಈಗ ನನ್ನ ಪಾಪವನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ನನ್ನನ್ನು ದೊಡ್ಡ ಸಾಚಾ ಅಂದುಕೊಳ್ಳುತ್ತೀರಿ. 1998ರ ಮಳೆಗಾಲದಲ್ಲಿ ನನ್ನ ಮನೆಯ ಮೂರು ಚಿತ್ರಗಳಿಗೆ ಬೂಸ್ಟು ಹತ್ತಿತು. ಮಾರ್ಕೆಟ್ಟಿನ ಒಂದು ಫ್ರೇಮ್ ಅಂಗಡಿಗೆ ಕೊಟ್ಟೆ. ಚೆಂದದ ಬಂಗಾರದ ಕಟ್ಟು, ಹೊಸ ಗಾಜು, ಹೊಸ ಹಲಗೆ. ಖುಷಿಯಿಂದ ತಂದು ಗೋಡೆಗೆ ಹಾಕಿದೆ. ಆರು ತಿಂಗಳ ಮೇಲೆ ಅಪ್ಪ ಬಂದವರು ಚಿತ್ರವನ್ನು ನೋಡಲೇ ಇಲ್ಲ. ಕೆಳಗಿಳಿಸಿ ತಿರುವಿ ಹಾಕಿದರು. "ಹಿಂದಿನ ರಟ್ಟು ಎಲ್ಲೋ?"

ಅಜ್ಜ ಎಲ್ಲವನ್ನೂ ಹಿಂದೆ ಬರೆಯುತ್ತಿದ್ದರು. ತಾರೀಖು, ಊರು, ಯಾವ ಬಣ್ಣ, ಯಾರು ಜೊತೆಗಿದ್ದರು, ಯಾರು ಕೊಳ್ಳುತ್ತೇನೆ ಅಂದು ಕೊಳ್ಳಲಿಲ್ಲ... ಎಲ್ಲ. ಆ ಮೂರು ರಟ್ಟು ಅಂಗಡಿಯವನ ಕಸದಬುಟ್ಟಿಗೆ ಹೋಗಿತ್ತು. ಅವನ ತಪ್ಪೇನು, ನಾನೇ ಹೇಳಿರಲಿಲ್ಲ. ಅಪ್ಪ ಬೈಯಲಿಲ್ಲ. ಚಿತ್ರವನ್ನು ಮತ್ತೆ ಮೊಳೆಗೆ ಹಾಕಿ ಚಹಾ ಕೇಳಿದರು. ಆ ಮೂರು ಚಿತ್ರ ಯಾವ ಊರಿನವು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಮ್ಮ ಪಟ್ಟಿಯಲ್ಲಿ ಆ ಮೂರರ ಮುಂದೆ "ಸ್ಥಳ" ಅನ್ನುವ ಜಾಗ ಖಾಲಿ ಇದೆ. ಕಾರಣ ಅಂತ ನನ್ನ ಹೆಸರು ಬರೆದಿದ್ದೇನೆ.

ಹಾಗಾಗಿ ತಮ್ಮ ಕಳಿಸಿದ ಸ್ಯಾಂಪಲ್ ಪುಟ ನೋಡಿದಾಗ ಮೈ ಉರಿಯಿತು. ಚಿತ್ರದ ಅಂಚು ಕತ್ತರಿಸಿದ್ದಾನೆ, ಸಹಿ ಅರ್ಧ ಹಾರಿಹೋಗಿದೆ. ಮಾಸಿದ ಕೆಂಪನ್ನು ಕಂಪ್ಯೂಟರಿನಲ್ಲಿ ಏರಿಸಿ ಸಂಜೆಯ ಆಕಾಶವನ್ನು ಟೊಮೆಟೊ ಸಾರು ಮಾಡಿದ್ದಾನೆ. ಅಲಿಜರಿನ್ ಕ್ರಿಮ್ಸನ್ ಅನ್ನುವ ಕೆಂಪು ಜಲವರ್ಣದಲ್ಲಿ ಬಿಸಿಲಿಗೆ ಮಾಸುತ್ತದೆ, ಅದು ಆ ಬಣ್ಣದ ಗುಣ. ಅಜ್ಜ ಎಷ್ಟು ಹಾಕಿದ್ದರು ಅಂತ ನಮಗೆ ಹೇಗೆ ಗೊತ್ತು? ಮಾಸಿದ್ದನ್ನು ಮಾಸಿದ ಹಾಗೆಯೇ ಮೊದಲು ತೆಗೆದಿಡು, ಆಮೇಲೆ ಬೇಕಾದ ಆಟ ಆಡು ಅಂತ ಬರೆದೆ. ಗಾಜು ತೆಗೆದು, ಬಿಸಿಲು ನೇರ ಬೀಳದ ಕಿಟಕಿಯ ಬಳಿ, ಕ್ಯಾಮೆರಾ ಓರೆಯಾಗದಂತೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮುಂದೊಂದು, ಹಿಂದೊಂದು ಫೋಟೋ. ಮೂಲ ಕಡತವನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ, ಅದು ಹಿಂಡಿ ಸಣ್ಣದು ಮಾಡುತ್ತದೆ. ಇಷ್ಟಕ್ಕೆ ದಪ್ಪ ಕಾಗದವೂ ಬೇಡ, ಅಕಾಡೆಮಿಯ ಅನುದಾನವೂ ಬೇಡ.

ಇನ್ನೊಂದು ಮಾತು, ಇದು ಕೇಳಿ ಗುಂಪಿನಲ್ಲಿ ಎಲ್ಲರೂ ಎದ್ದು ಕೂತರು. ಚಿತ್ರ ಯಾರ ಗೋಡೆಯ ಮೇಲಿದೆಯೋ ಅವರೊಬ್ಬರದೇ ಹಕ್ಕಲ್ಲ. ನಮ್ಮ ಕಾಪಿರೈಟ್ ಕಾಯಿದೆ ಪ್ರಕಾರ ಕಲಾವಿದ ಸತ್ತ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಅಜ್ಜ ತಾವಾಗಿ ಬರೆದ ಚಿತ್ರಗಳ ಮಟ್ಟಿಗೆ 2039ರ ಕೊನೆಯವರೆಗೆ ಅದು ವಾರಸುದಾರರೆಲ್ಲರದ್ದು. ದುಡ್ಡು ಕೊಟ್ಟು ಬರೆಸಿಕೊಂಡ ಭಾವಚಿತ್ರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿಕೊಂಡವರದ್ದು. ಅಂದರೆ ತಮ್ಮ ತನ್ನ ನಲವತ್ತನ್ನು ಒಬ್ಬನೇ ಕೂತು ಅಚ್ಚು ಹಾಕಿಸುವ ಹಾಗಿಲ್ಲ. (ಕೋರ್ಟಿಗೆ ಹೋಗುವವನು ನಾನಲ್ಲ. ಆದರೆ ಅವನಿಗೆ ಅದು ಗೊತ್ತಿರಬೇಕಾಗಿಲ್ಲ!)

ಈಗ ಸದ್ಯಕ್ಕೆ ಆಗಿರುವ ಒಪ್ಪಂದ ಇದು. ಪುಸ್ತಕ ಆಗಲಿ, ಆದರೆ ಪಟ್ಟಿ ಪೂರ್ತಿ ಮುಗಿಯುವವರೆಗೆ ಇಲ್ಲ. ಪಟ್ಟಿಯಲ್ಲಿ ಬೋರ್ಡೂ ಇರುತ್ತದೆ, ಕಾಡಿನ ಪರದೆಯೂ ಇರುತ್ತದೆ, ಸತ್ತವರೂ ಇರುತ್ತಾರೆ. ತಮ್ಮ ಇನ್ನೂ ಮುನಿಸಿಕೊಂಡಿದ್ದಾನೆ.

ಮೊನ್ನೆ ಹುಬ್ಬಳ್ಳಿಯ ಒಂದು ಮನೆಯಿಂದ ಫೋನ್ ಬಂತು. ಅವರ ಮುತ್ತಜ್ಜಿಯ ಭಾವಚಿತ್ರ ನಮ್ಮಜ್ಜ ಬರೆದದ್ದು, ಮದುವೆಯ ಒಂದು ಗುಂಪು ಫೋಟೋದಿಂದ ಮುಖ ಹಿಡಿದು ಬರೆದದ್ದಂತೆ. ಆ ಅಜ್ಜಿಯದು ಬೇರೆ ಚಿತ್ರವೇ ಇಲ್ಲ. ಹಿಂದಿನ ರಟ್ಟಿನ ಫೋಟೋ ಕಳಿಸಿ ಅಂದೆ. ಕಳಿಸಿದರು. ಅಜ್ಜನ ದುಂಡು ಅಕ್ಷರ. "ಒಟ್ಟು ರೂ. 15. ಬಂದದ್ದು 10. ಬಾಕಿ 5. ಕಣ್ಣು ಮತ್ತೊಮ್ಮೆ ತಿದ್ದಬೇಕು."

ಆ ಹುಡುಗ ನಗುತ್ತಾ ಕೇಳಿದ, "ಕಾಕಾ, ಆ ಐದು ರೂಪಾಯಿ ಈಗ ಕೊಡಬೇಕೇನ್ರಿ?"

ಬೇಡಪ್ಪಾ, ಕಣ್ಣಿನ ಫೋಟೋ ಇನ್ನೊಂದು ಹತ್ತಿರದಿಂದ ತೆಗೆದು ಕಳಿಸು ಅಂದೆ. ಪಟ್ಟಿಯಲ್ಲಿ ಅದರ ನಂಬರು 118.